ಮ್ಯಾನೇಜರ್ ಬರುವ ಮೊದಲು

ಜೂನ್ 4. ಬೆಳಗ್ಗೆ

ಸ್ಟ್ಯಾಂಡ್ ಇನ್ನೊಮ್ಮೆ ಒರೆಸಿದೆ. ಹಿಂದೆ ಕೈ ತೂರುವಷ್ಟು ಜಾಗ ಬಿಟ್ಟಿದ್ದೇನೆ — ಧೂಳು ಕೂತರೆ ತೆಗೆಯಬೇಕಲ್ಲ. ಮಟ್ಟ ನೋಡಲು ಮೇಲೊಂದು ತಟ್ಟೆಯಲ್ಲಿ ನೀರು ಹಾಕಿಟ್ಟೆ. ಎಡಕ್ಕೆ ತುಸು ವಾಲು. ಕಾಲಿನ ಕೆಳಗೆ ರಟ್ಟಿನ ಚೂರು ತುರುಕಿದೆ. ಸರಿಹೋಯಿತು.

ಮೀನಿನ ಟ್ಯಾಂಕ್ ಬಂತು. ಹೊತ್ತು ತಂದ ಇಬ್ಬರ ಬೂಟಿನ ಅಚ್ಚು ಹಾಲ್ ತುಂಬಾ. ಅವರು ಮೆಟ್ಟಿಲು ಇಳಿಯುವಷ್ಟರಲ್ಲಿ ನೆಲ ಒರೆಸಿ ಆಗಿತ್ತು.

ಕೂಡಲೇ ಅಕ್ಕನ ಫೋನ್.

“ಬಂತಾ?”

“ಬಂತು.”

“ಬಿರುಕು ಗಿರುಕು ಇದೆಯಾ?”

“ಇಲ್ಲ.”

“ಸೋಪು ಹಾಕಿ ತೊಳೀಬೇಡ. ಬರೀ ನೀರು. ಮೀನಿಗೆ ಸೋಪು ಅಂದ್ರೆ ವಿಷ.”

“ನಾನ್ಯಾಕೆ ಸೋಪು ಹಾಕ್ಲಿ?”

ಸೋಪಿನ ಡಬ್ಬಿ ಕೈಯಲ್ಲೇ ಇತ್ತು. ವಾಪಸ್ ಕಪಾಟಿಗೆ ಇಟ್ಟೆ.

ಜೂನ್ 4. ಸಂಜೆ

ಬರೀ ನೀರಿನಲ್ಲಿ ತೊಳೆದೆ. ಮನಸ್ಸಿಗೆ ಸಮಾಧಾನವಿಲ್ಲ. ಟ್ಯಾಂಕಿನ ತಳಕ್ಕೆ ಹಾಕುವ ಕಲ್ಲುಹರಳನ್ನು ಬಕೆಟ್‌ನಲ್ಲಿ ತಿಳಿಯಾಗುವ ತನಕ ಜಾಲಿಸಿದೆ — ಅದಕ್ಕಾದರೂ ಅನುಮತಿ ಇದೆ. ನಲ್ಲಿ ನೀರು ತುಂಬಿಸಿ, ಕ್ಲೋರಿನ್ ತೆಗೆಯುವ ದ್ರಾವಣ ಬೆರೆಸಿದೆ. ಆಯುಷ್ಯವೆಲ್ಲ ಕ್ಲೋರಿನ್ ಬೆರೆಸಿದವಳು ನಾನು. ಈಗ ತೆಗೆಯುವ ಕೆಲಸ. ನಗು ಬಂತು.

ಫಿಲ್ಟರ್ ಹಾಕಿದೆ. ಗುರ್ ಎಂದು ಒಂದೇ ಶ್ರುತಿ. ಆಸ್ಪತ್ರೆಯ ರಿಕವರಿ ರೂಮಿನ ನೆನಪು. ನಿವೃತ್ತಿಯಾದ ಮೇಲೆ ಈ ಮನೆಯಲ್ಲಿ ರಾತ್ರಿ ಹಗಲು ನಡೆಯುವ ಯಂತ್ರ ಅಂತ ಇದ್ದದ್ದು ಫ್ರಿಜ್ ಒಂದೇ.

ಅಕ್ಕನ ಬಾಡಿಗೆ ಮನೆ ಈ ತಿಂಗಳ ಮೂವತ್ತಕ್ಕೆ ಖಾಲಿಯಾಗಬೇಕು. ಕಟ್ಟಡ ಕೆಡವುತ್ತಾರಂತೆ. ಭಾವ ಹೋಗಿ ವರ್ಷ ಆಯಿತು. ಅಕ್ಕನಿಗೆ ಗ್ಲಾಕೋಮಾ, ನೋಟದ ಅಂಚಿನಿಂದ ಕತ್ತಲೆ ಒಳಗೆ ಬರುತ್ತಿದೆ. ಬಣ್ಣ ಗೊತ್ತಾಗುವುದೂ ಕಡಿಮೆಯಾಗಿದೆ. ಒಬ್ಬಳೇ ಇರುವ ಹಾಗಿಲ್ಲ. ಇರುವುದು ಎರಡು ದಾರಿ. ನನ್ನ ಮನೆ, ಇಲ್ಲ ಹಿರಿಯರ ಹಾಸ್ಟೆಲ್. ಹಾಸ್ಟೆಲ್‌ನಲ್ಲಿ ಅವಳ ಹಳೆಯ ಗೆಳತಿ ಇದ್ದಾಳೆ, ರೂಮೂ ಖಾಲಿ ಇದೆ. ಆದರೆ ಮೀನಿಗೆ ಪ್ರವೇಶವಿಲ್ಲ. ಮೀನು ಭಾವನದ್ದು. ಗೋಲ್ಡ್‌ಫಿಶ್ — ಹೆಸರಿಗೆ ಬಂಗಾರ, ಈಗ ಮುಕ್ಕಾಲು ಪಾಲು ಬಿಳಿ. ಅಂಗೈಗಿಂತ ದೊಡ್ಡದು. ಭಾವ ಇಟ್ಟ ಹೆಸರು ಮ್ಯಾನೇಜರ್. ಕೆಲಸ ಮಾಡುವವರನ್ನೆಲ್ಲ ಗಾಜಿನ ಆಚೆಯಿಂದ ದುರುಗುಟ್ಟಿ ನೋಡುತ್ತಾನಂತೆ.

ಅಕ್ಕ ಟೈಪಿಂಗ್ ಕಲಿಸುತ್ತಿದ್ದವಳು. ಷರತ್ತೂ ಟೈಪ್ ಮಾಡಿದ ಹಾಗೆ ಹೇಳಿದ್ದಾಳೆ. “ಅವರ ಟ್ಯಾಂಕ್ ಸೋರ್ತಾ ಇದೆ, ಎತ್ತಿದ್ರೆ ಬಿಚ್ಚಿಕೊಳ್ಳುತ್ತೆ. ನಿನ್ನ ಮನೇಲಿ ಹೊಸದು ತಯಾರಾಗ್ಲಿ. ಮೊದಲು ನೀರು ಸರಿಯಾಗ್ಬೇಕು, ಆಮೇಲೆ ಮ್ಯಾನೇಜರ್, ಅವನ ಜೊತೆ ನಾನು. ನೀರು ಸರಿಯಾಗದೆ ಇದ್ರೆ ಅವನನ್ನ ಅಂಗಡಿಗೆ ಕೊಟ್ಟು ನಾನು ಹಾಸ್ಟೆಲ್‌ಗೆ.”

ಅಕ್ಕ ಬರಬೇಕು. ಒಬ್ಬಳೇ ಇದ್ದು ಸಾಕಾಗಿದೆ. ಇಲ್ಲಿ ಬರೆಯಬಹುದು, ಯಾರೂ ಓದುವುದಿಲ್ಲ.

ಜೂನ್ 5

ಮೀನಿನಂಗಡಿಗೆ ಹೋಗಿದ್ದೆ. ಅಂಗಡಿಯವನ ಬಾಯಿಗೆ ಬೀಗವಿಲ್ಲ. ವಟವಟ ಎಂದು ಹೆಸರಿಟ್ಟಿದ್ದೇನೆ.

“ಮೀನು ಉಚ್ಚೆ ಹೊಯ್ಯುತ್ತೆ ಮೇಡಂ. ಅದು ಅಮೋನಿಯಾ, ವಿಷ. ಒಂದು ಜಾತಿ ಬ್ಯಾಕ್ಟೀರಿಯಾ ಅದನ್ನ ತಿಂದು ನೈಟ್ರೈಟ್ ಮಾಡುತ್ತೆ. ಅದೂ ವಿಷಾನೇ. ಇನ್ನೊಂದು ಜಾತಿ ಅದನ್ನ ತಿಂದು ನೈಟ್ರೇಟ್ ಮಾಡುತ್ತೆ. ಅದು ಪರವಾಗಿಲ್ಲ, ವಾರಕ್ಕೊಮ್ಮೆ ಒಂದಿಷ್ಟು ನೀರು ಬದಲಾಯಿಸಿದ್ರೆ ಹೋಗುತ್ತೆ. ಈ ಎರಡೂ ಜಾತಿ ಫಿಲ್ಟರಲ್ಲಿ ಸಂಸಾರ ಹೂಡೋ ತನಕ ಮೀನು ಬಿಡಬಾರದು.”

“ಎಷ್ಟು ದಿನ?”

“ಅವುಗಳ ಮರ್ಜಿ. ತಿಂಗಳು, ಒಂದೂವರೆ ತಿಂಗಳು... ಅವಸರ ಇದ್ರೆ ಎರಡು ಚಿಕ್ಕ ಮೀನು ಬಿಟ್ಟು ನೋಡಿ, ಉಚ್ಚೆಗೆ ಉಚ್ಚೆ ಆಯ್ತು.”

“ಸತ್ತರೆ?”

“ಸತ್ತರೆ ಇನ್ನೆರಡು.”

ಮೈ ಉರಿಯಿತು. ಆಪರೇಷನ್ ಥಿಯೇಟರಿನಲ್ಲಿ ಯಾರಾದರೂ ಹೀಗೆ ಮಾತಾಡಿದ್ದರೆ ಗೌನು ಬಿಚ್ಚಿಸಿ ಹೊರಗೆ ಕಳಿಸುತ್ತಿದ್ದೆ. ಮೀನು ಬೇಡ ಎಂದೆ. ಬಾಟಲಿಯಲ್ಲಿ ಬರುವ ಅಮೋನಿಯಾ ತಂದೆ. ಟೆಸ್ಟ್ ಕಿಟ್ ತಂದೆ. ಎರಡು ಟ್ಯೂಬ್ ಮುಖ್ಯ. ಅಮೋನಿಯಾ ಟ್ಯೂಬ್: ಹಳದಿಯಾದರೆ ಕ್ಷೇಮ, ಹಸಿರಾದರೆ ವಿಷ. ನೈಟ್ರೈಟ್ ಟ್ಯೂಬ್: ತಿಳಿನೀಲಿಯಾದರೆ ಕ್ಷೇಮ, ನೇರಳೆಯಾದರೆ ವಿಷ.

ಗ್ಲೌಸು, ಮಾಸ್ಕು ಹಾಕಿ ಹನಿ ಅಳೆದು ಬಿಟ್ಟೆ. ಇಲ್ಲದ ಮೀನಿನ ಉಚ್ಚೆ. ಟ್ಯೂಬ್ ಎಲೆಯಂತೆ ಹಸಿರು. ಇನ್ನು ಕಾಯುವುದು.

ಆಪರೇಷನ್ ಥಿಯೇಟರ್ ಸಿಸ್ಟರ್ ಆಗಿ ಬದುಕೆಲ್ಲ ಬ್ಯಾಕ್ಟೀರಿಯಾ ಕೊಂದೆ. ಕುದಿಸಿ, ಹಬೆಯಲ್ಲಿಟ್ಟು, ಉಜ್ಜಿ. ಈಗ ಅವನ್ನೇ ಮನೆಗೆ ಕರೆದು, ಬನ್ನಿ ಕೂತ್ಕೊಳ್ಳಿ ಎನ್ನಬೇಕು.

ಜೂನ್ 7

ನೀರು ಮಬ್ಬು. ಹಾಲು ಕದಡಿದ ಹಾಗೆ. ಇಡೀ ಟ್ಯಾಂಕ್ ಖಾಲಿ ಮಾಡಿ ಹೊಸದಾಗಿ ತುಂಬಿಸೋಣ ಎಂದು ಬಕೆಟ್ ತಂದೆ. ಬಕೆಟ್ ಹಿಡಿದು ನಿಂತೇ ಅಕ್ಕನಿಗೆ ಫೋನ್ ಮಾಡಿದೆ.

“ಬಿಡೇ ಅದನ್ನ. ಹೊಸ ನೀರು ಹಾಗೇ ಇರುತ್ತೆ. ತಾನಾಗಿ ತಿಳಿಯಾಗುತ್ತೆ.”

“ನೋಡಕ್ಕಾಗ್ತಿಲ್ಲ.”

“ಹಾಗಾದ್ರೆ ನೋಡ್ಬೇಡ. ಸಿಸ್ಟರಮ್ಮ, ಕೈ ಕಟ್ಟಿ ಕೂತ್ಕೊಳ್ಳೋದನ್ನ ಯಾವ ಟ್ರೇನಿಂಗಲ್ಲೂ ಹೇಳಿಕೊಡ್ಲಿಲ್ವಾ ನಿನಗೆ?”

ಆಮೇಲೆ ಒಂದು ಒಳ್ಳೆಯ ಮಾತು ಹೇಳಿದಳು. ಅವಳ ಹಳೆಯ ಫಿಲ್ಟರಿನ ಸ್ಪಂಜಿನಲ್ಲಿ ಬೇಕಾದ ಬ್ಯಾಕ್ಟೀರಿಯಾ ಎಲ್ಲ ಇವೆಯಂತೆ. ಅದನ್ನು ಕಳಿಸಿದರೆ ತಿಂಗಳ ಕೆಲಸ ವಾರದಲ್ಲಿ ಮುಗಿಯುತ್ತದಂತೆ. ಪಕ್ಕದ ಮನೆ ಆಟೋದವರ ಕೈಯಲ್ಲಿ ನಾಳೆ ಕಳಿಸುತ್ತಾಳೆ. “ಬಂದ ತಕ್ಷಣ ಹಾಗೇ ಹಾಕು” ಎಂದಳು.

ಬಕೆಟ್ ಒಳಗಿಟ್ಟೆ.

ಜೂನ್ 8. ಮಧ್ಯಾಹ್ನ

ಸ್ಪಂಜು ಬಂತು. ಊಟದ ಡಬ್ಬಿಯಲ್ಲಿ, ರಬ್ಬರ್ ಬ್ಯಾಂಡ್ ಸುತ್ತಿ. ಮುಚ್ಚಳ ತೆಗೆದೆ. ಅಯ್ಯೋ ದೇವರೇ. ಕಪ್ಪು. ಲೋಳೆ. ಚರಂಡಿ ವಾಸನೆ. ಆಟೋದವರೂ ಮೂಗು ಮುಚ್ಚಿಕೊಂಡೇ ಕೊಟ್ಟರು.

ಅಕ್ಕನ ಕಣ್ಣಿಗೆ ಕಾಣುವುದಿಲ್ಲ, ಪಾಪ. ಕಂಡಿದ್ದರೆ ಇಂಥದ್ದನ್ನು ಕಳಿಸುತ್ತಿರಲಿಲ್ಲ.

ಯೋಚಿಸುವ ಮೊದಲೇ ಕೈ ಓಡಿತು. ಬಿಸಿನೀರಲ್ಲಿ ಹಿಂಡಿ ಹಿಂಡಿ ತೊಳೆದೆ. ಆಮೇಲೆ ಆಸ್ಪತ್ರೆಯ ಲೆಕ್ಕದಲ್ಲೇ ಡಿಸ್‌ಇನ್ಫೆಕ್ಟೆಂಟ್ ದ್ರಾವಣದಲ್ಲಿ ನೆನೆಸಿಟ್ಟೆ. ಮತ್ತೆ ತೊಳೆದು, ಬಿಳಿ ಬಟ್ಟೆಯ ಮೇಲೆ ಬಿಸಿಲಿಗೆ. ಒಳಗಿಂದ ಹಳದಿ ಬಣ್ಣ ಹೊರಬಂತು! ಇಷ್ಟು ಚೆಂದದ ಸ್ಪಂಜು ಕಪ್ಪಗೆ ಮಾಡಿಟ್ಟಿದ್ದಳಲ್ಲ. ವಾಸನೆ ನೋಡಿದೆ, ಏನೂ ಇಲ್ಲ. ಫಿಲ್ಟರಿಗೆ ಹಾಕಿದೆ.

ಜೂನ್ 8. ಸಂಜೆ

“ಹಾಕಿದ್ಯಾ?”

“ಹಾಕಿದೆ.”

“ಹಾಗೇ?”

ಈ ತೊಳೆದ ವಿಷಯ ಹೇಳಿದರೆ ಇನ್ನೊಂದು ಗಂಟೆ ಬೈಗುಳ.

“ಹ್ಞೂಂ.”

“ಸದ್ಯ. ಹಾಗಾದ್ರೆ ಇಪ್ಪತ್ನಾಲ್ಕಕ್ಕೇ ಬಂದುಬಿಡ್ತೀವಿ. ಸಾಮಾನಿನ ಗಾಡಿಗೂ ಹೇಳ್ತೀನಿ. ಮೂವತ್ತರ ತನಕ ಈ ಖಾಲಿ ಕಟ್ಟಡದಲ್ಲಿ ಏನು ಮಾಡ್ಲಿ?”

ಖುಷಿಯಾಯಿತು. ಅಕ್ಕನ ರೂಮಿಗೆ ಹೊಸ ಪರದೆ ಹಾಕಿದೆ.

ಜೂನ್ 9

ಕ್ಲೋರಿನ್ ತೆಗೆಯುವ ದ್ರಾವಣ ಮುಗಿಯುತ್ತಾ ಬಂದಿತ್ತು, ಅಂಗಡಿಗೆ ಹೋದೆ. ಸ್ಪಂಜಿನ ಸಂಗತಿ ಹೆಮ್ಮೆಯಿಂದಲೇ ಹೇಳಿದೆ. ವಟವಟನ ಬಾಯಿ ಮೊದಲ ಸಲ ನಿಂತಿತು.

“ತೊಳೆದ್ರಾ?”

“ಮತ್ತೆ? ಎಷ್ಟು ಗಲೀಜಿತ್ತು ಗೊತ್ತಾ?”

“ಮೇಡಂ... ಆ ಗಲೀಜೇ ಅಲ್ವಾ ಅವರು ಕಳಿಸಿದ್ದು.”

ಕಪ್ಪು ಬಣ್ಣ, ಲೋಳೆ, ವಾಸನೆ... ಅದೇ ಸಂಸಾರ. ಭಾವನ ಕಾಲದಿಂದ ಅಲ್ಲಿ ಬೆಳೆದದ್ದು. ನನ್ನ ಕೈ ಅದನ್ನು ಅರ್ಧ ಗಂಟೆಯಲ್ಲಿ ಮುಗಿಸಿತು. ಎಷ್ಟು ಅಚ್ಚುಕಟ್ಟಾಗಿ ಮುಗಿಸಿತು ಎಂದರೆ, ಒಂದೂ ಉಳಿದಿರಲಾರದು.

ಈ ಸಂಜೆ ಅಕ್ಕನ ಫೋನ್ ಎತ್ತಲಿಲ್ಲ.

ಜೂನ್ 14

ಅಮೋನಿಯಾ ಹಸಿರು. ಮೊದಲ ದಿನದಷ್ಟೇ ಹಸಿರು. ನೈಟ್ರೈಟ್ ತಿಳಿನೀಲಿ, ಅಂದರೆ ಇನ್ನೂ ಯಾರೂ ತಿನ್ನಲು ಬಂದಿಲ್ಲ. ಫಿಲ್ಟರಿನೊಳಗೆ ಆ ಚೊಕ್ಕ ಹಳದಿ ಸ್ಪಂಜು ಕೂತಿದೆ.

ಅಕ್ಕ ದಿನಾ ಕೇಳುತ್ತಾಳೆ. “ಹಸಿರು ಇಳೀತಾ ಇದೆಯಾ?” “ನೋಡ್ಬೇಕು.” “ನೋಡ್ಲಿಲ್ವಾ ಇವತ್ತು?” “ಬೆಳಕು ಸಾಲಲಿಲ್ಲ.” ಬೆಳಕು ಸಾಲಲಿಲ್ಲವಂತೆ. ಬಟ್ಟೆ ಒಣಗಿ ಗರಿಗರಿಯಾಗುವ ಬಿಸಿಲು ಹೊರಗೆ.

ಪೆಟ್ಟಿಗೆಗಳನ್ನು ಕಟ್ಟುತ್ತಿದ್ದಾಳಂತೆ. ಮ್ಯಾನೇಜರಿಗೆ ದಿನಾ ಹೇಳುತ್ತಾಳಂತೆ, ಹೊಸ ಆಫೀಸು, ಹೊಸ ಕ್ಯಾಬಿನ್ ಎಂದು.

ಜೂನ್ 17. ಭಾನುವಾರ

ಆಪರೇಷನ್ ಮುಗಿದು ಹೊಲಿಗೆ ಹಾಕುವ ಮುಂಚೆ ಸರ್ಜನ್ ಕೇಳುವ ಮಾತು ಒಂದೇ. “ಸಿಸ್ಟರ್, ಕೌಂಟ್ ಸರಿಯಿದೆಯಾ?” ಒಳಗೆ ಹೋದ ಹತ್ತಿಬಟ್ಟೆಯೆಲ್ಲ ಹೊರಗೆ ಬಂದಿದೆಯಾ ಎಂದು. ಒಂದು ಕಡಿಮೆ ಇದ್ದರೆ ಕಡಿಮೆ ಎಂದು ಹೇಳಿದ್ದೇನೆ. ಎಷ್ಟು ದೊಡ್ಡ ಡಾಕ್ಟರಾದರೂ, ಎಷ್ಟೇ ಕಿರುಚಿದರೂ, ಸಿಗುವ ತನಕ ಹೊಲಿಯಲು ಬಿಟ್ಟಿಲ್ಲ.

ಅಂಥವಳು ಒಂದು ಸ್ಪಂಜಿನ ವಿಷಯದಲ್ಲಿ ಹ್ಞೂಂ ಅಂದೆ. ಸ್ವಂತ ಅಕ್ಕನಿಗೆ.

ಫೋನ್ ಮಾಡಿ ಹೇಳಿದೆ. ಒಂದೇ ಉಸಿರಿಗೆ. ತೊಳೆದೆ, ಬಿಸಿನೀರು, ಡಿಸ್‌ಇನ್ಫೆಕ್ಟೆಂಟ್, ಬಿಸಿಲು, ಸುಳ್ಳು ಹೇಳಿದೆ, ಇಪ್ಪತ್ನಾಲ್ಕಕ್ಕೆ ಆಗುವುದಿಲ್ಲ, ಮೂವತ್ತಕ್ಕೂ ಆಗುತ್ತದೆಂದು ಹೇಳಲಾರೆ.

ಆ ಕಡೆ ಕಟ್ ಆದ ಸದ್ದು.

ಜೂನ್ 19

ಎರಡು ಸಲ ಮಾಡಿದೆ. ಎತ್ತಲಿಲ್ಲ.

ಅಮೋನಿಯಾ ಹಸಿರು.

ಜೂನ್ 22

ಹಸಿರು ತುಸು ತಿಳಿಯಾಗಿದೆಯೇ? ಕಿಟಕಿಯ ಹತ್ತಿರ ಹಿಡಿದು ನೋಡಿದೆ, ಬಿಳಿ ಹಾಳೆಯ ಮುಂದೆ ಹಿಡಿದು ನೋಡಿದೆ. ಹೌದು, ಆಗಿದೆ. ನೈಟ್ರೈಟ್ ಟ್ಯೂಬಿನಲ್ಲಿ ನೀಲಿಗೆ ಒಂದು ಎಳೆ ನೇರಳೆ. ಮೊದಲ ಜಾತಿ ಬಂದಿದೆ! ಎಲ್ಲಿಂದ ಬಂದವೋ. ಗಾಳಿಯಲ್ಲೋ, ನನ್ನ ಬಕೆಟ್‌ನಲ್ಲೋ. ಅಷ್ಟು ಉಜ್ಜಿದ ಮನೆಯಲ್ಲೂ ಇದ್ದವಲ್ಲ. ಬರುವವರು ಬಂದೇ ಬರುತ್ತಾರೆ, ಬಾಗಿಲು ಮುಚ್ಚದಿದ್ದರೆ ಸರಿ.

ಇದನ್ನು ಹೇಳಬೇಕಾದವಳು ಫೋನ್ ಎತ್ತುತ್ತಿಲ್ಲ. ಅಳು ಬಂತು. ಅತ್ತೆ. ಆಮೇಲೆ ಟ್ಯೂಬ್ ತೊಳೆದಿಟ್ಟೆ.

ಜೂನ್ 23. ಸಂಜೆ

ಬಸ್ ಹಿಡಿದು ಅಕ್ಕನ ಮನೆಗೇ ಹೋದೆ. ಬಾಗಿಲು ತೆಗೆದಳು. ಮುಖ ನೋಡಲಿಲ್ಲ, ಹೆಜ್ಜೆ ಸದ್ದಿನಿಂದಲೇ ಗೊತ್ತಾಯಿತು ಅವಳಿಗೆ. “ಬಾ. ಪೆಟ್ಟಿಗೆ ಎಡವಬೇಡ” ಎಂದಳಷ್ಟೇ.

ಮನೆ ತುಂಬಾ ರಟ್ಟಿನ ಪೆಟ್ಟಿಗೆ. ಮೂಲೆಯಲ್ಲಿ ಹಳೆಯ ಟ್ಯಾಂಕು, ಕೆಳಗೆ ಸೋರುವ ನೀರಿಗೆ ಒಂದು ಬೇಸಿನ್. ಮ್ಯಾನೇಜರ್ ಗಾಜಿಗೆ ಮೂಗು ಒತ್ತಿ ನನ್ನನ್ನೇ ದುರುಗುಟ್ಟಿದ. ತಡೆಯಲಾರದೆ ಕಣ್ಣು ಬೇರೆ ಕಡೆ ತಿರುಗಿಸಿದೆ.

ಫಿಲ್ಟರ್ ನೋಡಿದೆ. ಒಳಗೆ ಸ್ಪಂಜು. ಕಪ್ಪಗೆ. ಒಂದು ಬದಿ ಕತ್ತರಿಯಲ್ಲಿ ನೇರವಾಗಿ ಕತ್ತರಿಸಿದ ಗುರುತು.

“ಅಕ್ಕಾ, ಇದು...”

“ಅರ್ಧ. ನಿನಗೆ ಕಳಿಸಿದ್ದೂ ಅರ್ಧವೇ. ನೀನು ತೊಳೀತೀಯ ಅಂತ ಗೊತ್ತಿತ್ತು ನನಗೆ. ನಾನು ಎದ್ದ ಮೇಲೆ ಸೋಫಾ ಕವರ್ ಒಗೆಯೋಳು ನೀನು.”

“ಗೊತ್ತಿದ್ದೂ ಮತ್ತೆ ಸಿಟ್ಟು ಯಾಕೆ?”

“ತೊಳೆದದ್ದಕ್ಕಲ್ವೇ. ಅದು ನಿನ್ನ ಕೈಯ ಹಣೆಬರಹ. ಹಾಗೇ ಹಾಕಿದ್ಯಾ ಅಂದ್ರೆ ಹ್ಞೂಂ ಅಂದ್ಯಲ್ಲ, ಅದಕ್ಕೆ.” ಟ್ಯಾಂಕಿನ ಅಂಚು ತಡವುತ್ತಾ ಹೇಳಿದಳು. “ಟ್ಯೂಬ್ ಹಳದಿಯೋ ಹಸಿರೋ ನನಗೆ ಕಾಣಲ್ಲ ಈಗ. ಇನ್ನು ಸ್ವಲ್ಪ ದಿನಕ್ಕೆ ಇವನೂ ಕಾಣಲ್ಲ. ಹಾಲು ಒಡೆದಿದೆಯಾ, ಗೇಟು ಮುಚ್ಚಿದೆಯಾ, ಮೀನು ಬದುಕಿದೆಯಾ, ಎಲ್ಲಾ ನೀನು ಹೇಳಿದ್ದೇ. ನನ್ನ ಮನಸ್ಸಿಗೆ ನೋವಾಗುತ್ತೆ ಅಂತ ಮರೆಮಾಚಿ ಹೇಳೋಳ ಮನೇಲಿ ನಾನು ಹೇಗೆ ಇರ್ಲಿ? ಹಾಸ್ಟೆಲ್‌ನೋರು ಮುಖದ ಮೇಲೆ ಹೇಳ್ತಾರೆ, ಅಷ್ಟಾದ್ರೂ ಇದೆ.”

ಇನ್ನು ಸುಳ್ಳು ಹೇಳಲ್ಲ ಎಂದೆ. ಮಗು ಹೇಳಿದ ಹಾಗೆ ಕೇಳಿಸಿತು.

ಟೀ ಮಾಡಿದಳು. ಅಳತೆ ಗೊತ್ತಿರುವ ಕೈ, ಒಂದು ತೊಟ್ಟೂ ಚೆಲ್ಲಲಿಲ್ಲ. ಹೊರಡುವಾಗ ಟ್ಯಾಂಕಿನ ನೀರು ಮಗ್ಗಿನಲ್ಲಿ ತೆಗೆದು, ಆ ಅರ್ಧ ಸ್ಪಂಜನ್ನು ಅದರಲ್ಲಿ ಹಿಂಡಿದಳು. ಕಪ್ಪು ರಸ ಬಾಟಲಿಗೆ ತುಂಬಿದಳು. “ಸ್ಪಂಜು ಕೊಡಕ್ಕಾಗಲ್ಲ, ಇವನಿಗೆ ಬೇಕು. ಇದನ್ನ ತಗೊಂಡು ಹೋಗು. ಒಂದಿಷ್ಟು ಜೀವ ಇರುತ್ತೆ ಇದರಲ್ಲಿ.”

ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡೇ ಬಂದೆ. ಪಕ್ಕದಾಕೆ ಎದ್ದು ಬೇರೆ ಸೀಟಿಗೆ ಹೋದಳು. ಮನೆಗೆ ಬಂದು ಟ್ಯಾಂಕಿಗೆ ಸುರಿದೆ. ಸೋಸಲಿಲ್ಲ. ತಿಳಿಯಾದ ನೀರಿನಲ್ಲಿ ಆ ಕಪ್ಪು ಹೊಗೆಯ ಹಾಗೆ ಬಿಚ್ಚಿಕೊಂಡಿತು. ಕೈ ಬೆನ್ನ ಹಿಂದೆ ಕಟ್ಟಿ ನಿಂತು ನೋಡಿದೆ.

ಬರುತ್ತೇನೆ ಎಂದೂ ಹೇಳಲಿಲ್ಲ ಅವಳು, ಬರುವುದಿಲ್ಲ ಎಂದೂ ಹೇಳಲಿಲ್ಲ. ಗಾಡಿಯನ್ನು ಮೂವತ್ತಕ್ಕೆ ಮುಂದೂಡಿದ್ದಾಳೆ. ಎಲ್ಲಿಗೆ ಎಂದು ಕೇಳಲು ಧೈರ್ಯ ಸಾಲಲಿಲ್ಲ.

ಜೂನ್ 26

ಅಮೋನಿಯಾ ಹನಿ ಬಿಟ್ಟು ಮಾರನೆಯ ದಿನಕ್ಕೇ ಹಳದಿ. ಅಪ್ಪಟ ಹಳದಿ! ಮೊದಲ ಜಾತಿ ಊಟ ಮಾಡುತ್ತಿದೆ. ಎರಡನೆಯ ಜಾತಿ ಇನ್ನೂ ಎದ್ದಿಲ್ಲ. ನೈಟ್ರೈಟ್ ಕಡು ನೇರಳೆ. ವಟವಟ ಹೇಳುತ್ತಾನೆ, ಈ ಎರಡನೆಯವರು ಸೋಮಾರಿಗಳು, ಇವರಿಗಾಗಿ ಕಾಯುವುದೇ ದೊಡ್ಡ ಕಷ್ಟವಂತೆ. ಅಮೋನಿಯಾ ಅರ್ಧ ಹಾಕಿ ಎಂದ. ಹಾಗೇ ಮಾಡಿದೆ.

ಅಕ್ಕನಿಗೆ ಹೇಳಿದೆ, ಎರಡೂ ಬಣ್ಣ. “ಸರಿ” ಎಂದಳು. ಆಮೇಲೆ: “ನಿಜವಾ?”

“ನಿಜ.”

ಹೀಗೆ ಎರಡೆರಡು ಸಲ ಕೇಳಿಸಿಕೊಳ್ಳುವ ಗತಿ ನಾನೇ ತಂದುಕೊಂಡದ್ದು.

ಜೂನ್ 28. ಸಂಜೆ

ನೇರಳೆ.

ಟ್ಯೂಬ್ ಹಿಡಿದು ಕೂತಿದ್ದೆ, ಫೋನ್ ಬಂತು. ನಾಡಿದ್ದು ಮೂವತ್ತು. ಇವತ್ತು ತಿಳಿನೀಲಿ ಎಂದರೆ ಅಕ್ಕ ಬರುತ್ತಾಳೆ, ನೇರಳೆ ಎಂದರೆ ಹಾಸ್ಟೆಲ್. ಅವಳು ಬಂದಮೇಲೂ ಬಣ್ಣ ನೋಡುವವಳು ನಾನೇ. ನೀರನ್ನು ದಿನಾ ಅರ್ಧಕ್ಕರ್ಧ ಬದಲಾಯಿಸುತ್ತಾ ಹೇಗೋ ಮೀನು ಬದುಕಿಸಿಕೊಂಡು ಹೋಗಬಹುದಿತ್ತೋ ಏನೋ. ಇದೆಲ್ಲ ಮನಸ್ಸಿಗೆ ಬರಲಿಲ್ಲ ಎಂದು ಬರೆದರೆ ಇನ್ನೊಂದು ಸುಳ್ಳಾಗುತ್ತದೆ.

“ಬಣ್ಣ?”

“ನೇರಳೆ.”

“ತಿಳಿಯಾಗಿದೆಯಾ?”

“ಇಲ್ಲ. ಬದನೆಕಾಯಿ ಥರ ಇದೆ.”

ಅವಳ ಹಿಂದೆ ಪೆಟ್ಟಿಗೆಗೆ ಟೇಪ್ ಎಳೆಯುವ ಸದ್ದು, ಗಾಡಿಯವರ ಕಡೆಯವರಿರಬೇಕು. “ಹಾಗಾದ್ರೆ ಹಾಸ್ಟೆಲ್‌ಗೆ ಫೋನ್ ಮಾಡ್ಲಾ?”

ಮಾಡು ಎನ್ನಲು ಬಾಯಿ ಬರಲಿಲ್ಲ. ಬೇಡ ಎನ್ನಲು ಮುಖವಿರಲಿಲ್ಲ. “ನಿನ್ನಿಷ್ಟ ಅಕ್ಕ. ಆದ್ರೆ ಈ ನೀರಿಗೆ ಅವನನ್ನ ಬಿಟ್ರೆ ಸಾಯ್ತಾನೆ” ಎಂದೆ.

“ಸರಿ.” ಫೋನ್ ಇಟ್ಟಳು. ನಿಜವಾ ಎಂದು ಕೇಳಲಿಲ್ಲ.

ಜೂನ್ 29. ಬೆಳಗ್ಗೆ

ಎದ್ದ ತಕ್ಷಣ ನಾನೇ ಫೋನ್ ಮಾಡಿದೆ. ಬಚ್ಚಲುಮನೆಯಲ್ಲಿ ದೊಡ್ಡ ಟಬ್ ಇದೆ, ಕಂಬಳಿ ನೆನೆಸುವುದು. ಅದಕ್ಕೆ ಅವಳ ಟ್ಯಾಂಕಿನ ನೀರು, ಅವಳ ಫಿಲ್ಟರು, ಅವಳ ಅರ್ಧ ಸ್ಪಂಜು ಹಾಕಿದರೆ ಮ್ಯಾನೇಜರ್ ಇದ್ದಲ್ಲೇ ಇದ್ದ ಹಾಗೆ. ಟ್ಯಾಂಕು ತಯಾರಾದಾಗ ಆಗಲಿ. ಇಷ್ಟು ದಿನ ಇದು ಯಾಕೆ ಹೊಳೆಯಲಿಲ್ಲ? ಹೊಳೆದಿರಬೇಕು. ಬಚ್ಚಲುಮನೆ ಎಂದಾಗ ಮನಸ್ಸು ಬಾಗಿಲು ಹಾಕಿಕೊಂಡಿರಬೇಕು.

“ಎಲ್ಲಿ? ನಿನ್ನ ಬಚ್ಚಲುಮನೇಲಾ?” ಅಕ್ಕ ನಕ್ಕಳು. ತುಂಬ ದಿನದ ಮೇಲೆ. “ಆ ಬಿಳಿ ಟೈಲ್ಸ್ ಮಧ್ಯೆ ಆ ಕಪ್ಪು ಸ್ಪಂಜು ಇಡ್ತೀಯ ನೀನು?”

“ಇಡ್ತೀನಿ.”

“ನೋಡ್ತೀನಿ” ಎಂದಳು. ಅಷ್ಟೇ.

ಟಬ್ ತೊಳೆದೆ. ಬರೀ ನೀರಿನಲ್ಲಿ.

ಜೂನ್ 30

ಗಾಡಿ ಬಂತು.

ಮುಂದಿನ ಸೀಟಿನಲ್ಲಿ ಅಕ್ಕ, ಕಾಲ ಮಧ್ಯೆ ಮುಚ್ಚಳದ ಬಕೆಟ್. ಇಳಿಸಿಕೊಳ್ಳಲು ಹೋದೆ. ಕೈ ಹಿಡಿದುಕೊಂಡಳು, ಬಕೆಟ್ ಬಿಡಲಿಲ್ಲ.

“ಹಾಸ್ಟೆಲ್‌ನೋರಿಗೆ ಏನು ಹೇಳ್ದೆ?”

“ಬರಲ್ಲ ಅಂದೆ. ಮೊನ್ನೆ ನೀನು ನೇರಳೆ ಅಂದ್ಯಲ್ಲ, ಆಗಲೇ ಗೆಳತಿಗೆ ಫೋನ್ ಮಾಡಿ ಹೇಳ್ಬಿಟ್ಟೆ.”

“ನೇರಳೆ ಅಂದದ್ದಕ್ಕಾ?”

“ನೀಲಿ ಅಂದಿದ್ರೆ ಹಾಸ್ಟೆಲ್‌ಗೇ ಹೋಗ್ತಿದ್ದೆ. ನಿನ್ನ ಮೀನಿನಂಗಡಿಯವನಿಗೆ ಅವತ್ತು ಬೆಳಗ್ಗೇನೇ ಫೋನ್ ಮಾಡಿ ಕೇಳಿದ್ದೆ, ನೈಟ್ರೈಟ್ ಇಷ್ಟು ಬೇಗ ಇಳಿಯುತ್ತಾ ಅಂತ. ಸಾಧ್ಯವೇ ಇಲ್ಲ ಅಂದ.”

ಒಂದು ಪದ. ಒಂದು ಪದದಲ್ಲಿ ಉಳಿದಿದ್ದೆ. ಅಕ್ಕ ಆಗಲೇ ಮೆಟ್ಟಿಲು ಹತ್ತುತ್ತಿದ್ದಳು, ಗೋಡೆ ಸವರುತ್ತಾ, ಗಾಡಿಯವರಿಗೆ ಆರ್ಡರ್ ಮಾಡುತ್ತಾ.

ಜುಲೈ 3

ಸ್ನಾನ ಮಾಡುವುದೇ ಕಷ್ಟವಾಗಿದೆ. ಮ್ಯಾನೇಜರ್ ಟಬ್ಬಿನಿಂದ ಕಣ್ಣು ಹೊರಳಿಸಿ ನೋಡುತ್ತಾನೆ. ಅಡ್ಡಲಾಗಿ ಒಂದು ಟವೆಲ್ ಕಟ್ಟಿದೆ. ಅಕ್ಕ ಬಿದ್ದು ಬಿದ್ದು ನಕ್ಕಳು. “ಭಾವನ ಮುಂದೆ ಸೆರಗು ಸರಿಮಾಡಿಕೊಂಡ ಹಾಗೆ ಮಾಡ್ತೀಯಲ್ಲೇ.”

ಟೈಲ್ಸ್ ಮೇಲೆ ನೀರಿನ ಕಲೆ. ಹಾಲ್‌ನಲ್ಲಿ ಪೆಟ್ಟಿಗೆಗಳು. ಅಕ್ಕ ಕುಡಿದ ಲೋಟ ಕುಡಿದಲ್ಲೇ. ಮೊದಲ ದಿನ ಎತ್ತಿ ತೊಳೆದೆ. ಎರಡನೆಯ ದಿನವೂ ತೊಳೆದೆ. ಇವತ್ತು ತೊಳೆಯುವುದನ್ನು ಮಧ್ಯಾಹ್ನಕ್ಕೆ ತಳ್ಳಿದೆ. ಅಷ್ಟಾದರೂ ಪ್ರಗತಿ.

ನೇರಳೆ.

ಜುಲೈ 6

ಜಗಳ. ಅವಳ ಔಷಧದ ಬಾಟಲಿಗಳನ್ನು ಸಾಲಾಗಿ ಜೋಡಿಸಿಟ್ಟಿದ್ದೆ. ಅವಳಿಗೆ ಯಾವುದು ಎಲ್ಲಿ ಎಂದು ಕೈಗೆ ಗೊತ್ತಿತ್ತು, ಈಗ ಗೊತ್ತಾಗಲಿಲ್ಲ. ಬೆಳಗಿನ ಕಣ್ಣಿನ ಹನಿ ಎಂದುಕೊಂಡು ಸಂಜೆಯದ್ದು ಹಾಕಿಕೊಂಡಳು. ಅಪಾಯವೇನಿಲ್ಲ, ಡಾಕ್ಟರನ್ನು ಕೇಳಿದೆ. ಆದರೂ.

“ಟೈಪ್‌ರೈಟರ್ ಅಕ್ಷರಾನೂ ಅಆಇಈ ಸಾಲಲ್ಲಿ ಜೋಡಿಸ್ತೀಯಾ ನೀನು? ಇದ್ದದ್ದು ಇದ್ದಲ್ಲೇ ಇದ್ರೆ ತಾನೇ ಕೈ ಓಡೋದು!”

ವಾಪಸ್ ಅವಳ ಲೆಕ್ಕದಲ್ಲೇ ಇಟ್ಟೆ. ಎಷ್ಟು ಅಡ್ಡಾದಿಡ್ಡಿ ಎಂದರೆ ನೋಡಿದರೆ ಕಣ್ಣು ನೋಯುತ್ತದೆ. ನೋಯಲಿ.

ಜುಲೈ 9

ನೇರಳೆ ತಿಳಿಯಾಗಿದೆ. ತಿಳಿಯಾಗಿದೆ! ಕಾಗದದ ಮುಂದೆ ಹಿಡಿದು ಮೂರು ಕಡೆಯಿಂದ ನೋಡಿದೆ. ಅಕ್ಕನಿಗೆ ಹೇಳುವ ಮುಂಚೆ ಇನ್ನೊಮ್ಮೆ ಟೆಸ್ಟ್ ಮಾಡಿದೆ. ಅದೇ ಬಣ್ಣ.

“ಸೋಮಾರಿಗಳು ಎದ್ದರು” ಎಂದೆ.

ಜುಲೈ 12

ಅಮೋನಿಯಾ ಪೂರ್ತಿ ಅಳತೆ ಹಾಕಿ ಒಂದು ದಿನ ಬಿಟ್ಟು ನೋಡಿದೆ. ಹಳದಿ. ತಿಳಿನೀಲಿ. ಇದೇ ಕೊನೆಯ ಪರೀಕ್ಷೆ ಎಂದು ವಟವಟ ಹೇಳಿದ್ದು. ನಂಬದೆ ನಾಳೆಯೂ ಹಾಕಿ ನೋಡುತ್ತೇನೆ.

ಜುಲೈ 14. ಬೆಳಗ್ಗೆ

ಹಳದಿ. ತಿಳಿನೀಲಿ. ಮತ್ತೆ.

ಟ್ಯಾಂಕಿನ ಮುಕ್ಕಾಲು ನೀರು ತೆಗೆದು, ಕ್ಲೋರಿನ್ ಕಳೆದ ಹೊಸ ನೀರು ತುಂಬಿದೆ. ಫಿಲ್ಟರ್ ಮುಟ್ಟಲಿಲ್ಲ. ನನ್ನ ಆ ಹಳದಿ ಸ್ಪಂಜು ಈಗ ಕಂದು ಬಣ್ಣಕ್ಕೆ ತಿರುಗಿದೆ, ಅಂಚಿನಲ್ಲಿ ಲೋಳೆ. ಬೆರಳಿಂದ ಮುಟ್ಟಿ ನೋಡಿದೆ. ಹೇಳಿದರೆ ಯಾರೂ ನಂಬಲಾರರು, ಖುಷಿಯಾಯಿತು.

ಅಕ್ಕ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಳು.

“ಬಣ್ಣ?”

“ಹಳದಿ. ತಿಳಿನೀಲಿ.”

“ಹ್ಞೂಂ. ಹಾಗಾದ್ರೆ ತಗೊಂಡು ಬಾ ಅವನನ್ನ.”

ಅಷ್ಟೇ. ಎರಡನೆಯ ಸಲ ಕೇಳುತ್ತಾಳೇನೋ ಎಂದು ನಿಂತೇ ಇದ್ದೆ. ಕೇಳಲಿಲ್ಲ. “ಏನು ಕಂಬದ ಹಾಗೆ ನಿಂತಿದ್ದೀಯ, ಬಕೆಟ್ ತಗೋ” ಎಂದಳು.

ಜುಲೈ 14. ಮಧ್ಯಾಹ್ನ

ಬಕೆಟ್‌ನಲ್ಲಿ ಟಬ್ಬಿನ ನೀರು, ಅದರಲ್ಲಿ ಮ್ಯಾನೇಜರ್. ಟ್ಯಾಂಕಿನ ನೀರನ್ನು ಲೋಟದಲ್ಲಿ ಸ್ವಲ್ಪ ಸ್ವಲ್ಪವೇ ಬೆರೆಸಿ ಹೊಂದಿಸುತ್ತಿದ್ದೇವೆ. ಒಮ್ಮೆಲೇ ಬಿಟ್ಟರೆ ಮೈಗೆ ಒಗ್ಗುವುದಿಲ್ಲವಂತೆ. ಒಂದು ಲೋಟ, ಆಮೇಲೆ ಸುಮ್ಮನಿರುವುದು, ಮತ್ತೆ ಒಂದು ಲೋಟ. ಈ ಸುಮ್ಮನಿರುವ ಹೊತ್ತಿನಲ್ಲಿ ಇದನ್ನು ಬರೆಯುತ್ತಿದ್ದೇನೆ. ಹಾಳೆಗೆ ನೀರಿನ ಕಲೆ ಬಿದ್ದಿದೆ, ಇರಲಿ.

ಅಕ್ಕನ ಟೀ ಲೋಟ ಟ್ಯಾಂಕಿನ ಮುಚ್ಚಳದ ಮೇಲಿದೆ. ಕೆಳಗೆ ವೃತ್ತಾಕಾರದ ಗುರುತು ಮೂಡುತ್ತಿರಬೇಕು. ನೋಡುತ್ತಿಲ್ಲ.

ಬಕೆಟ್‌ನಲ್ಲಿ ಅಕ್ಕನ ಕೈ. ಮ್ಯಾನೇಜರ್ ಬೆರಳುಗಳ ನಡುವೆ ಹೋಗಿ ಬರುತ್ತಾನೆ. ಅವಳಿಗೆ ಅವನು ಕಾಣುವುದು ಹಾಗೆಯೇ ಈಗ. ಹಿಡಿದು ಬಿಡುವುದಕ್ಕೆ ಇನ್ನೊಂದು ಜೊತೆ ಕೈ ಬೇಕಂತೆ, ಬಾ ಎನ್ನುತ್ತಿದ್ದಾಳೆ. ನನ್ನ ಕೈಗೆ ಸ್ಪಂಜಿನ ಲೋಳೆ, ಟಬ್ಬಿನ ನೀರು, ಅದೇ ಚರಂಡಿ ವಾಸನೆ.

“ಕೈ ತೊಳ್ಕೊಂಡು ಬರ್ತೀನಿ” ಎಂದೆ.

“ಬೇಡ್ವೇ. ಸೋಪಿನ ಕೈ ಅವನಿಗೆ ಆಗಲ್ಲ. ಹಾಗೇ ಬಾ.”

ಪೆನ್ನು ಇಟ್ಟು ಹಾಗೇ ಹೊರಟೆ.